ಇಸಾಕಣ್ಣನ ಎಡಗಿವಿ

ಇಸಾಕಣ್ಣ ತೆಂಗಿನಕಾಯಿಯನ್ನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದ. ಬಲಗಿವಿ ಜನರ ಮಾತಿಗೆ, ಎಡಗಿವಿ ಕಾಯಿಗೆ. ಅಟ್ಟದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕುತ್ತಿಗೆ ತುಸು ವಾಲಿಸಿ, ಕಾಯನ್ನು ಕಿವಿಯ ಹತ್ತಿರ ತಂದು ಎರಡೇ ಸಲ ಅಲ್ಲಾಡಿಸುವನು. ಮೂರನೆಯ ಸಲ ಅಲ್ಲಾಡಿಸಿದ್ದನ್ನು ನಾನು ಕಂಡಿಲ್ಲ. ಆ ಹೊತ್ತಿಗೆ ಅವನ ಮುಖ, ಪಕ್ಕದ ಕೋಣೆಯಲ್ಲಿ ಮಲಗಿಸಿದ ಕೂಸು ಎದ್ದಿತೇ ಎಂದು ಆಲಿಸುವ ಬಾಣಂತಿಯ ಮುಖದಂತಿರುತ್ತಿತ್ತು. ಆಮೇಲೆ "ಆಯ್ತು" ಅಂದರೆ ಕಾಯಿ ಬಲಗಡೆಗೆ, "ಆಗಿಲ್ಲ" ಅಂದರೆ ಎಡಗಡೆಗೆ. ಅವನ ಈ ಎರಡು ಮಾತಿಗೆ ನಮ್ಮ ಸುತ್ತಿನ ಹತ್ತು ಹಳ್ಳಿಯ ತೋಟದವರು ತಲೆಬಾಗುತ್ತಿದ್ದರು.

ಉಂಡೆ ಕೊಬ್ಬರಿ ಮಾಡುವ ಕಡೆ ಹುಟ್ಟದವರಿಗೆ ಇದು ಅತಿಯೆನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುವುದು, ಅಷ್ಟೇ ಕೆಲಸ ಅಂದುಕೊಂಡಿದ್ದೆ. ಇಸಾಕಣ್ಣನ ಪ್ರಕಾರ ಅಟ್ಟದ ಕಾಯಿಗೆ ಮೂರು ಕಾಲ. ಮೊದಲನೆಯದು ನೀರಿನ ಕಾಲ, ಅಲ್ಲಾಡಿಸಿದರೆ ಕುಲುಕುಲು. ಕೊನೆಯದು ಕೊಬ್ಬರಿಯ ಕಾಲ. ನೀರೆಲ್ಲ ಇಂಗಿ, ಒಳಗಿನ ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡು ಗುಡುಗುಡು ಉರುಳುತ್ತದೆ. ಇವೆರಡರ ನಡುವೆ ಕೆಲವು ವಾರ ಕಾಯಿ ಏನೂ ಹೇಳುವುದಿಲ್ಲ. ನೀರು ಮುಗಿದಿರುತ್ತದೆ, ಕೊಬ್ಬರಿ ಇನ್ನೂ ಅಂಟಿಕೊಂಡಿರುತ್ತದೆ. ಅದನ್ನು ಅವನು "ಸುಮ್ಮಿರೋ ಕಾಯಿ" ಎನ್ನುತ್ತಿದ್ದ. ಆಗ ಒಡೆದರೆ ಗಿಟುಕು ಉಂಡೆಯಾಗಿ ಬರುವುದಿಲ್ಲ, ಹೋಳು ಹೋಳಾಗಿ ಹರಿದು ಬರುತ್ತದೆ, ವಾರದೊಳಗೆ ಬೂಷ್ಟು ಹಿಡಿಯುತ್ತದೆ.

"ಸುಮ್ಮಿರೋದು ವಾಸಿ ಅಳಿಯಂದ್ರೇ, ಕಾಯ್ಬೋದು. ಅರ್ಧ ಬುಟ್ಟು ಅರ್ಧ ಅಂಟ್ಕಂಡಿರಾದು ಐತಲ್ಲ, ಅದು ಬಲು ಮೋಸದ್ದು. ಅದೂ ಒಂದ್ ಸದ್ದು ಮಾಡ್ತೈತೆ. ಆತುರದೋರಿಗೆ ಅದು ಆಯ್ತು ಅಂದಂಗೇ ಕೇಳುಸ್ತೈತೆ."

ಆತುರದವರು ಅನ್ನುವಾಗ ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಅದು ಅವನ ದೊಡ್ಡತನ.

ನಾನು ಮನೆ ಅಳಿಯ. ತುಮಕೂರಿನ ಒಂದು ಟ್ಯುಟೋರಿಯಲ್‌ನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಅದು ಮುಚ್ಚಿದ ಮೇಲೆ ಹೆಂಡತಿ ಮತ್ತು ಎರಡು ಸೂಟ್‌ಕೇಸಿನ ಜೊತೆ ಮಾಯಸಂದ್ರದ ಹತ್ತಿರದ ಮಾವನ ತೋಟಕ್ಕೆ ಬಂದಿಳಿದೆ. ನಾಲ್ಕು ತಿಂಗಳ ಮಟ್ಟಿಗೆ ಎಂದು ಬಂದವನು, ಹದಿನೆಂಟು ವರ್ಷವಾಯಿತು. ನನಗೂ ಒಂದು ಹೆಸರಿದೆ, ಆಗಾಗ ಆಧಾರ್ ಕಾರ್ಡು ನೋಡಿ ನೆನಪು ಮಾಡಿಕೊಳ್ಳುತ್ತೇನೆ. ಉಳಿದಂತೆ ಮಾವನಿಗೆ, ಆಳುಗಳಿಗೆ, ಹಾಲಿನವನಿಗೆ, ಕೊನೆಗೆ ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಗೂ ನಾನು "ಅಳಿಯಂದ್ರು".

ಈ ಹದಿನೆಂಟು ವರ್ಷದಲ್ಲಿ ನಾನು ಬಿಡದೆ ಮಾಡಿದ ಕೆಲಸ ಒಂದೇ, ಚಿಂತೆ. ಒಲೆಯ ಮೇಲೆ ಹಾಲು ಉಕ್ಕಿದರೆ ನನ್ನ ಮನಸ್ಸು ಸಿಲಿಂಡರ್ ಸಿಡಿಯುವವರೆಗೂ ಹೋಗಿ ಬರುತ್ತದೆ. ಹೆಂಡತಿ ತಿಪಟೂರಿನಿಂದ ಬರುವ ಬಸ್ಸು ಹತ್ತು ನಿಮಿಷ ತಡವಾದರೆ ನಾನಾಗಲೇ ಆಸ್ಪತ್ರೆಯ ಬಾಗಿಲಲ್ಲಿರುತ್ತೇನೆ. "ನಿಮ್ಮ ತಲೇಲಿ ನಾನು ಎಷ್ಟು ಸಲ ಸತ್ತಿದ್ದೀನಿ ಕಣ್ರೀ? ಸದ್ಯ, ಪ್ರತಿ ಸಲ ಮುತ್ತೈದೆಯಾಗೇ ಕಳಿಸ್ತೀರಲ್ಲ!" ಎಂದು ಅವಳು ಕೇಳುತ್ತಾಳೆ. ಇಷ್ಟು ವರ್ಷದಲ್ಲಿ ನಾನು ಮುಂಗಂಡ ಸಾವಿರಾರು ಅನಾಹುತಗಳಲ್ಲಿ ಒಂದೂ ನಡೆದಿಲ್ಲ. ನಡೆದದ್ದು ನಾನು ಊಹಿಸದೇ ಇದ್ದದ್ದು. ಅದನ್ನು ಹೇಳಲೆಂದೇ ಇಸಾಕಣ್ಣನ ವಿಷಯ ಎತ್ತಿಕೊಂಡಿದ್ದೇನೆ. ಅಲ್ಲಿಗೆ ಬರುವಷ್ಟು ಧೈರ್ಯ ಬರಲಿ ಎಂದು ಇಷ್ಟು ಸುತ್ತುತ್ತಿದ್ದೇನೆ.

ಇಸಾಕಣ್ಣನದು ದಂಡಿನಶಿವರದ ಕಡೆಯ ಒಂದು ಕಾಲೊನಿ. ಅವನ ತಾತ ಯಾವುದೋ ಪಾದ್ರಿಯ ಕಾಲದಲ್ಲಿ ಕ್ರೈಸ್ತರಾದವರು. ಕಡ್ಡಿಯಂಥ ಆಳು, ಚೌಕಳಿ ಲುಂಗಿ, ಹೆಗಲ ಮೇಲೆ ಟವೆಲ್ಲು, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಪ್ಪು ರಟ್ಟಿನ ಗ್ರಂಥವೊಂದು ಯಾವಾಗಲೂ ಜೊತೆಗಿರುತ್ತಿತ್ತು. ಅಟ್ಟ ಹತ್ತಿದ ಕೂಡಲೇ ಅದನ್ನು ಜಂತೆಯ ಸಂದಿಗೆ ಸಿಕ್ಕಿಸಿಯೇ ಕೆಲಸ ಶುರು. ಅವನು ಕಾಫಿ ಕುಡಿಯುವ ಲೋಟ ನಮ್ಮ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳದೇ ಇರುವುದು ಮನೆ ಅಳಿಯ ಕಲಿಯುವ ಮೊದಲ ವಿದ್ಯೆ.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ನಮ್ಮ ಅಟ್ಟದ ಕಾಯಿ ವಿಂಗಡಿಸುವ ಕಾಲವೂ ಆಗಿತ್ತು. ಆ ನಾಲ್ಕು ವಾರ ಅವನ ಬಾಯಲ್ಲಿ ಬರೀ ಪ್ರವಾದಿಗಳು. ಯೇಸು ಹುಟ್ಟುವುದಕ್ಕೆ ಎಷ್ಟೋ ನೂರು ವರ್ಷ ಮುಂಚೆ ಹೀಬ್ರೂ ಜನರ ನಡುವೆ ಬದುಕಿದ್ದ ಆ ಪ್ರವಾದಿಗಳು, ಒಬ್ಬ ಬರುತ್ತಾನೆ, ಹೀಗೆ ಬರುತ್ತಾನೆ, ಇಂಥ ಕಡೆ ಹುಟ್ಟುತ್ತಾನೆ ಎಂದು ಮೊದಲೇ ಹೇಳಿಟ್ಟಿದ್ದರಂತೆ. ಅದನ್ನು ಅವನು ಪಕ್ಕದ ಊರಿನ ಸುದ್ದಿಯಂತೆ ಹೇಳುತ್ತಿದ್ದ. ಬೆತ್ಲೆಹೇಮು ಎಂಥ ಊರು ಎಂದು ನಾನು ಕೇಳಿದಾಗ, "ಮಾಯಸಂದ್ರದಂಗೆ ಹೋಬಳಿ ಗೀಬಳಿ ಏನಲ್ಲ. ಬಸ್ಸು ನಿಲ್ಸಿ ಅಂದ್ರೆ ಡ್ರೈವರ್ರು ಯಾಕೆ ಅಂತ ಕೇಳ್ತಾನಲ್ಲ, ಅಂತಾ ಊರು. ಅಂತಾ ಕಡಿಂದ್ಲೇ ಬತ್ತಾನೆ ಅಂತ ಮೊದ್ಲೇ ಹೇಳಿದ್ರು" ಅಂದಿದ್ದ.

ಮಾವ ಅಂಗಳದಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕೆಳಗಿನಿಂದಲೇ ಕೆಣಕುವರು.

"ಏನ್ಲಾ ಇಸಾಕ, ಇವತ್ತೇನು ನಿನ್ ಪುಸ್ತಕದಾಗೆ?"

"ಕಡ್ದಾಕಿದ್ ಮರದ ಬುಡದಾಗಿಂದ ಒಂದ್ ಚಿಗುರು ಬತ್ತೈತೆ ಅಂತ ಯಜಮಾನ್ರೇ. ರಾಜನ ಮನೆತನ ಮುಗದೇಹೋಯ್ತು ಅಂತ ಎಲ್ರೂ ಕೈ ಬುಟ್ಟಾಗ."

"ಕಡ್ದ ಬುಡದಾಗಾ? ಅರವತ್ತ್ ವರ್ಸದಿಂದ ತೋಟ ಮಾಡ್ತಿವ್ನಿ, ಒಂದ್ ತೆಂಗಿನ ಬುಡ ಚಿಗುರಿದ್ದು ಕಾಣೆ. ಸುಳಿ ಹೋದ್ರೆ ಹೋಯ್ತು ಕಣ್ಲಾ."

"ಅವ್ರ ಸೀಮೇಲಿ ತೆಂಗು ಇರ್ನಿಲ್ಲ ಯಜಮಾನ್ರೇ."

"ಅದ್ಕೇ ಹಂಗೆ ಬರ್ಕಂಡವ್ರೆ ಬುಡು!"

ಮಾವ ಹೊಟ್ಟೆ ಕುಣಿಸಿ ನಕ್ಕರು. ಇಸಾಕಣ್ಣನೂ ನಕ್ಕ. ಒಂದೆರಡು ಕಾಯಿ ಅಲ್ಲಾಡಿಸಿ ಇಟ್ಟ ಮೇಲೆ, ಮೇಲೆ ಕೂತಿದ್ದ ನನಗೆ ಮಾತ್ರ ಕೇಳುವಂತೆ ಅಂದ: "ತೆಂಗಿದ್ದಿದ್ರೂ ಹಂಗೇ ಬರೀತಿದ್ರು. ಆಗಾದನ್ನ ಹೇಳಾಕೆ ಪ್ರವಾದಿ ಯಾಕೆ ಬೇಕು, ಯಜಮಾನ್ರೇ ಸಾಕು."

ನನಗೆ ಮುಂದಾಗುವುದು ಎಂದರೆ ಹೆದರಿಕೆ. ಅವನಿಗೆ ಅದು ಬರಬೇಕಾದ ನೆಂಟ, ತಡವಾಗಬಹುದು, ತಪ್ಪಿಸುವುದಿಲ್ಲ. ಹೀಗೆ ಒಬ್ಬ ಮನುಷ್ಯ ನಿಶ್ಚಿಂತೆಯಾಗಿ ಕಾಯುವುದನ್ನು ನೋಡುತ್ತ ಕೂರುವುದಕ್ಕೇ ನಾನು ಅಟ್ಟ ಹತ್ತುತ್ತಿದ್ದೆ ಎಂದು ಈಗ ಅನಿಸುತ್ತದೆ. ಆದರೂ ಲೆಕ್ಕದ ಮೇಷ್ಟ್ರ ಚಾಳಿ ಬಿಡಬೇಕಲ್ಲ. ಒಂದು ದಿನ ಕೇಳಿದೆ: "ಇಸಾಕಣ್ಣ, ಆ ಮಾತುಗಳು ಯಾರವೋ ಆ ಯೆಹೂದಿಗಳು ಯೇಸುವನ್ನ ಒಪ್ಪೋದಿಲ್ಲವಲ್ಲ? ಬರಬೇಕಾದವನು ಇನ್ನೂ ಬಂದಿಲ್ಲ ಅಂತಾರಂತೆ?"

ಸಿಕ್ಕಿಬೀಳುತ್ತಾನೆ ಅಂದುಕೊಂಡೆ. ಅವನು ಕೈಯಲ್ಲಿದ್ದ ಕಾಯನ್ನು ತೊಡೆಯ ಮೇಲಿಟ್ಟುಕೊಂಡ.

"ಅಂತಾರೆ. ನಮ್ಮೋರು ಬಂದ ಅಂತೀವಿ, ಅವ್ರು ಇನ್ನೂ ಕಾಯ್ತಾವ್ರೆ. ಕಾಯಿ ಒಂದೇ ಅಳಿಯಂದ್ರೇ, ಕಿವಿ ಎಲ್ಡು. ನಂಗೆ ಗುಡುಗುಡು ಅಂತ ಕೇಳುಸ್ತು, ನಾನು ಆಯ್ತು ಅಂದೆ. ಅವ್ರಿಗೆ ಕೇಳುಸ್ಲಿಲ್ಲ ಅಂದ್ರೆ ಅವ್ರ ಕಿವಿ ಕೆಟ್ಟದೆ ಅನ್ನಾಕೆ ನಾನ್ಯಾರು? ಅಟ್ಟದ ಮ್ಯಾಲೆ ಹಾಕ್ದೋರೇ ಅವ್ರು."

ಕೊನೆಯ ಪ್ರವಾದಿ ಸುಮ್ಮನಾದ ಮೇಲೆ ಯೇಸು ಹುಟ್ಟುವವರೆಗೆ ನಾನೂರು ವರ್ಷ ದೇವರು ಒಂದು ಮಾತೂ ಆಡಲಿಲ್ಲವಂತೆ. ಅವನಿಗೆ ಎಲ್ಲಕ್ಕಿಂತ ಪ್ರೀತಿ ಆ ನಾನೂರು ವರ್ಷದ ಮೇಲೆ. "ಸುಮ್ಮಿರೋ ಕಾಯಿ ಕಣ್ರೀ ಅದು. ಒಳಗೆ ಕೆಲ್ಸ ನಡೀತಿರ್ತೈತೆ. ಆಗ್ಲೇ ಜನ ಒಡ್ಯಾದು."

ಒಂದು ಭವಿಷ್ಯವಾಣಿಯನ್ನು ಮಾತ್ರ ಅವನು ಅಟ್ಟದ ಮೇಲೆ ಹೇಳುತ್ತಿರಲಿಲ್ಲ. ಅದು ಗುಡ್ ಫ್ರೈಡೇಗೆ, ಹಬ್ಬದ ಹತ್ತಿರ ಬೇಡ ಅನ್ನುತ್ತಿದ್ದ. ನಾನು ಕಾಡಿದ ಮೇಲೆ ಗೊಣಗಿದಂತೆ ಹೇಳಿದ: ಬರುವವನನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ, ಅವನನ್ನು ಕಂಡರೆ ಮುಖ ಮರೆಸಿಕೊಳ್ಳುತ್ತಾರೆ, ಬೇರೆಯವರ ತಪ್ಪು ಅವನ ಮೇಲೆ ಬೀಳುತ್ತದೆ, ಅವನು ಬಾಯಿ ಬಿಡುವುದಿಲ್ಲ.

"ಯಾಕೆ ಬಾಯಿ ಬಿಡಬಾರದು? ನಾನಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತಲ್ಲ?"

ಇಸಾಕಣ್ಣ ತಲೆ ಕೆರೆದುಕೊಂಡ. "ಅದೊಂದು ನಂಗೂ ತಿಳ್ಯಾಕಿಲ್ಲ. ನಾನಾಗಿದ್ರೆ ಊರು ಕೇಳಂಗೆ ಬಾಯಿ ಮಾಡ್ತಿದ್ದೆ ಅಳಿಯಂದ್ರೇ, ಸುಳ್ಳ್ಯಾಕೆ!" ಎಂದು ನಕ್ಕ.

ಅದರ ಮುಂದಿನ ವರ್ಷವೇ ಅದು ನಡೆಯಿತು.

ಮಾವನಿಗೆ ಮಂಡಿನೋವು. ಚಿಕ್ಕನಾಯಕನಹಳ್ಳಿಯಲ್ಲಿರುವ ಅವರ ತಂಗಿಯ ಮನೆಯಲ್ಲಿ ಇದ್ದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳಲು ಹದಿನೈದು ದಿನಕ್ಕೆಂದು ಹೋದರು. ಹೋಗುವಾಗ, "ಅಟ್ಟ ನಿಮ್ದು ಅಳಿಯಂದ್ರೇ" ಅಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನದು ಎಂದು ಏನನ್ನೋ ಕೊಟ್ಟಿದ್ದರು. ಆ ದಿನದಿಂದಲೇ ನನಗೆ ನಿದ್ದೆ ಹೋಯಿತು. ಫೋನಿನಲ್ಲಿ ಮೋಡದ ಚಿತ್ರ ಬಂತು, ಹೆಂಚು ಸೋರಿದರೆ? ಕೊಬ್ಬರಿ ಧಾರಣೆ ಇಳಿಯುತ್ತದೆ ಎಂದು ತಿಪಟೂರಿನ ಮಂಡಿಯಿಂದ ಯಾರೋ ಅಂದರು, ಇಳಿದರೆ? ಇಷ್ಟರ ಮೇಲೆ ಕಾಯಿ ಸುಲಿಯುವವರ ಗುಂಪಿನ ಮೇಸ್ತ್ರಿ ಬಂದು, "ಈ ಮೂರು ದಿನ ಬಿಡುವೈತೆ, ಆಮೇಲೆ ಹುಳಿಯಾರಿನ ಕಡೆ ಹೋದ್ರೆ ತಿಂಗಳು ಸಿಗಲ್ಲ" ಅಂದ.

ಇಸಾಕಣ್ಣನನ್ನು ಅಟ್ಟಕ್ಕೆ ಹತ್ತಿಸಿದೆ. ಅವನು ಒಂದು ಬೆಳಗೆಲ್ಲ ಅಲ್ಲಲ್ಲಿಂದ ಕಾಯಿ ತೆಗೆದು ಎಡಗಿವಿಗೆ ಹಿಡಿದು ನೋಡಿದ.

"ಆಗಿಲ್ಲ. ಹದಿನೈದ್ ದಿನ ಕಾಯ್ರಿ."

"ಇಸಾಕಣ್ಣ, ಇದು ಗುಡುಗುಡು ಅಂತಿದೆಯಲ್ಲ!"

"ಅರ್ಧ ಅಂತೈತೆ. ಕಾಯ್ರಿ ಅಳಿಯಂದ್ರೇ, ಹೆದ್ರಬ್ಯಾಡಿ. ಕಾಯಿ ಎಲ್ಲೂ ಓಡೋಗಾಕಿಲ್ಲ."

ಮಾರನೆಯ ದಿನ ಅವನು ಸಂಬಂಧಿಕರ ಮನೆಯ ಮದುವೆಗೆಂದು ಎರಡು ದಿನ ಹೋದ. ಅವನು ಹೋದ ಬಸ್ಸು ಇನ್ನೂ ತಿರುವು ದಾಟಿರಲಿಲ್ಲವೇನೋ, ನಾನು ಮಾವನಿಗೆ ಫೋನು ಮಾಡಿದೆ. ಸುಲಿಸುವುದಕ್ಕೆ ಅಪ್ಪಣೆ ಕೇಳಬೇಕಿತ್ತು. ನನ್ನ ಮಾತಿಗೆ ಅವರು ಒಪ್ಪುವುದಿಲ್ಲವೆಂದು ಗೊತ್ತಿತ್ತು.

"ಇಸಾಕ ನೋಡಿದ್ನಾ?" ಅಂದರು ಮಾವ.

"ನೋಡಿದ."

"ಏನಂದ?"

ಆಗ ನಾನು ಅಂದೆ: "ಆಯ್ತು ಅಂದ."

"ಅವ್ನು ಆಯ್ತು ಅಂದ್ಮ್ಯಾಗೆ ಇನ್ನೇನು? ಸುಲಿಸಿ."

ಸುಲಿಯುವ ಮೇಸ್ತ್ರಿ ಹತ್ತನೆಯ ಕಾಯಿಗೇ ಕೈ ತಡೆದು, "ಸ್ವಾಮಿ, ಇದ್ಯಾಕೋ ಹದ ಬಂದಂಗಿಲ್ಲ" ಅಂದ. ನಾನು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, "ಇಸಾಕಣ್ಣನೇ ಹೇಳಿದ್ದು" ಅಂದೆ. ಮೇಸ್ತ್ರಿ ಮುಂದಿನ ಕಾಯಿ ಎತ್ತಿಕೊಂಡ. ಬೇರೆಯವರ ಹೆಸರು ಎಷ್ಟು ಸಲೀಸಾಗಿ ಬಾಗಿಲು ತೆಗೆಯುತ್ತದೆ! ಅರ್ಧ ಅಟ್ಟ ಸುಲಿದು, ಒಡೆದು ನೋಡಿದರೆ ಅಂಗಳದ ತುಂಬ ಹೋಳು. ಚಿಪ್ಪು ಕಚ್ಚಿಕೊಂಡು ಹರಿದ, ಒದ್ದೆ ಒದ್ದೆ ಹೋಳು. ಮಳೆಯಂತೂ ಬರಲಿಲ್ಲ. ಧಾರಣೆಯೂ ಇಳಿಯಲಿಲ್ಲ.

ಸುದ್ದಿ ತಿಳಿದು ಮಾವ ಮಂಡಿಗೆ ಕಟ್ಟಿದ ಬಟ್ಟೆಯ ಸಮೇತ ಬಂದರು. ಅದೇ ಹೊತ್ತಿಗೆ ಮದುವೆ ಮುಗಿಸಿಕೊಂಡು ಇಸಾಕಣ್ಣ ಗೇಟು ದಾಟಿ ಬಂದ. ಕೈಯಲ್ಲಿ ಮದುವೆ ಮನೆಯ ಎಲೆಯಡಿಕೆ ಚೀಲವಿತ್ತು. ರಾಶಿಯ ಮುಂದೆ ಕೂತು, ಒಂದು ಹೋಳೆತ್ತಿ, ಚಿಪ್ಪಿಗೆ ಅಂಟಿಕೊಂಡಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ಏನ್ಲಾ ಇದು?" ಎಂದರು ಮಾವ. "ಮೂವತ್ ವರ್ಸ ನಿನ್ ಕಿವಿ ನಂಬ್ಕಂಡು ಅಟ್ಟ ಇಳ್ಸಿದ್ನಲ್ಲೋ. ನೀನೇ ಆಯ್ತು ಅಂದ್ಯಂತೆ?"

ಇಸಾಕಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಕಾಯಿ ಅಲ್ಲಾಡಿಸಿದ ಮೇಲೆ ಸದ್ದಿಗಾಗಿ ಕಾಯುತ್ತಾನಲ್ಲ, ಅದೇ ಮುಖ. ಕುತ್ತಿಗೆ ಕೂಡ ತುಸು ವಾಲಿತ್ತು. ನಾನು ಎದುರಿನ ತೆಂಗಿನ ಮರದಲ್ಲಿ ಎಷ್ಟು ಗೊನೆ ಇವೆಯೆಂದು ಎಣಿಸಿದೆ. ಏಳು ಇದ್ದವು. ಇವತ್ತಿಗೂ ಮರೆತಿಲ್ಲ.

ಮೇಸ್ತ್ರಿ ಇದ್ದ, ಹೆಂಡತಿ ಇದ್ದಳು, ಆಳುಗಳಿದ್ದರು. ಅವನೊಂದು ಮಾತು ಆಡಿದ್ದರೆ ಸಾಕಿತ್ತು. ಊರು ಕೇಳುವಂತೆ ಬಾಯಿ ಮಾಡುತ್ತೇನೆ ಅಂದಿದ್ದವನು ಹೋಳನ್ನು ರಾಶಿಗೆ ಹಾಕಿ, ಟವೆಲ್ಲಿನಿಂದ ಕೈ ಒರೆಸಿಕೊಂಡು ಎದ್ದ. ಅಟ್ಟ ಹತ್ತಿ, ಮತ್ತೆ ಬರುವವನೆಂದು ಜಂತೆಯ ಸಂದಿಯಲ್ಲೇ ಬಿಟ್ಟುಹೋಗಿದ್ದ ಗ್ರಂಥದ ಪ್ಲಾಸ್ಟಿಕ್ ಚೀಲ ತೆಗೆದುಕೊಂಡ. ಇಳಿದು ಬಂದು ಮಾವನಿಗೆ, "ಬತ್ತೀನಿ ಯಜಮಾನ್ರೇ" ಅಂದ. ನನ್ನ ಹತ್ತಿರ ಬಂದಾಗ ಕಾಲು ನಿಂತವು. "ಬತ್ತೀನಿ ಅಳಿಯಂದ್ರೇ" ಅಂದು ಹೊರಟುಹೋದ. ಗೂಡಿನ ಲೋಟ ಅಲ್ಲೇ ಉಳಿಯಿತು.

ಅವನು ಬಾಯಿ ಬಿಡದ್ದನ್ನು ಊರು ಒಪ್ಪಿಗೆಯೆಂದು ತಿಳಿಯಿತು. ಹತ್ತು ದಿನದಲ್ಲಿ ಮಾಯಸಂದ್ರದ ಕ್ಷೌರದಂಗಡಿಯಲ್ಲಿ ಕತ್ತರಿ ಆಡಿಸುತ್ತಿದ್ದವನೇ ನನಗೆ ಹೇಳಿದ: "ಇಸಾಕನ ಕಿವಿ ಹೋಯ್ತಂತಲ್ಲ ಸ್ವಾಮಿ?" ನಾನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಹೂಂ, ಹಾಗಂತಾರೆ" ಅಂದೆ. ಮೊದಲನೆಯದು ಹೆದರಿಕೆಯಿಂದ ಬಂದ ಸುಳ್ಳು ಎಂದು ಸಮಜಾಯಿಷಿ ಕೊಟ್ಟುಕೊಳ್ಳಬಹುದು. ಇದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ.

ಯಾರೂ ಅವನನ್ನು ಅಟ್ಟಕ್ಕೆ ಕರೆಯಲಿಲ್ಲ. ತುರುವೇಕೆರೆ ಕಡೆಯ ಒಂದು ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ, ಸಿಪ್ಪೆ ಜಜ್ಜುವ ಯಂತ್ರದ ಬಾಯಿಗೆ ಸಿಪ್ಪೆ ಒಡ್ಡುವ ಕೆಲಸಕ್ಕೆ ಸೇರಿದನೆಂದು ಗೊತ್ತಾಯಿತು. ಆ ಯಂತ್ರದ ಸದ್ದು ರಸ್ತೆಯಲ್ಲಿ ಬೈಕು ನಿಲ್ಲಿಸಿದವರ ಎದೆಗೂ ಬಡಿಯುತ್ತದೆ. ಎರಡು ಸಲ ಅಲ್ಲಾಡಿಸಿ ಕಾಯಿಯೊಳಗಿನ ಉಸಿರು ಕೇಳುತ್ತಿದ್ದ ಕಿವಿಯನ್ನು ಅವನು ದಿನಕ್ಕೆ ಒಂಬತ್ತು ಗಂಟೆ ಅದರ ಪಕ್ಕದಲ್ಲಿ ಇಟ್ಟ. ಐದು ವರ್ಷ ಇಟ್ಟ. ಮೊದಲು ಬಲಗಿವಿ ಹೋಯಿತಂತೆ, ಆಮೇಲೆ ಎಡಗಿವಿ.

ನಾನು ಮುಂಗಂಡದ್ದು ಯಾವುದೂ ನಡೆದಿಲ್ಲ ಅಂದೆನಲ್ಲ. ಮುಂಗಾಣದೆ ನುಡಿದದ್ದು ಒಂದು ನಡೆಯಿತು. ಇಸಾಕನ ಕಿವಿ ಹೋಯಿತು ಎಂದು ಊರು ನನ್ನ ಸುಳ್ಳನ್ನು ನಂಬಿ ಹೇಳಿತು, ಆ ಮಾತೇ ಅವನನ್ನು ಯಂತ್ರದ ಹತ್ತಿರ ಕರೆದುಕೊಂಡು ಹೋಯಿತು, ಕಿವಿ ಹೋಯಿತು.

ನಡುವೆ ಒಮ್ಮೆ ಅವನನ್ನು ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಕೂದಲು, ಹುಬ್ಬು, ಲುಂಗಿ ಎಲ್ಲ ನಾರಿನ ಧೂಳಿನಿಂದ ಒಂದೇ ಬಣ್ಣ. ನಾನು ತಟ್ಟನೆ ತಿರುಗಿ ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿಯನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದೆ. ಹಿಂದಿನಿಂದ "ಅಳಿಯಂದ್ರೇ" ಎಂದು ಒಂದು ಸಲ ಕೇಳಿಸಿತು. ಸ್ವಲ್ಪ ತಡೆದು ಇನ್ನೊಂದು ಸಲ. ಮೂರನೆಯ ಸಲ ಕರೆಯಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ನನಗೆ ಅವನು ಗುಡ್ ಫ್ರೈಡೇಗೆ ಎತ್ತಿಟ್ಟಿದ್ದ ಆ ಮಾತು ನೆನಪಾಯಿತು. ಮುಖ ಮರೆಸಿಕೊಂಡವರು ಯಾರೋ ದೂರದೇಶದ ಕೆಟ್ಟ ಜನರಿರಬೇಕು ಅಂದುಕೊಂಡಿದ್ದೆ. ಅವರೂ ನನ್ನ ಹಾಗೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟವರೇ ಇರಬೇಕು.

ಆಮೇಲೆ ಅಟ್ಟ ನನ್ನನ್ನು ಕಾಡತೊಡಗಿತು. ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದರೆ ಮೇಲೆ ಒಂದು ಕಾಯಿ ಅಲ್ಲಾಡಿದ ಸದ್ದು. ಎರಡು ಸಲ. ಅಷ್ಟೇ. "ಇಲಿ ಕಣ್ರೀ" ಎಂದಳು ಹೆಂಡತಿ. ಬೋನು ಇಟ್ಟೆ. ಇಲಿ ಬೀಳಲಿಲ್ಲ, ಸಿಕ್ಕಿಸಿದ ಕೊಬ್ಬರಿ ಚೂರು ವಾರವಾದರೂ ಹಾಗೇ ಇತ್ತು. ಅಟ್ಟ ಪೂರ್ತಿ ಖಾಲಿಯಾದ ತಿಂಗಳುಗಳಲ್ಲೂ ಸದ್ದು ಬರುತ್ತಿತ್ತು. ಎರಡು ಸಲ, ಆಮೇಲೆ ಯಾರೋ ಉತ್ತರಕ್ಕೆ ಕಾಯುತ್ತಿರುವಂಥ ಮೌನ. ಸದ್ದನ್ನು ತಡೆದುಕೊಳ್ಳಬಹುದಿತ್ತು. ಆ ಮೌನಕ್ಕೆ ನಾನು ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ.

ಕೊನೆಗೆ, ಒಂದೂವರೆ ವರ್ಷದ ಹಿಂದೆ, ಕ್ರಿಸ್‌ಮಸ್ಸಿಗೆ ವಾರವಿದ್ದಾಗ ಅವನ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಲಾರದೆ ಅಟ್ಟದಿಂದ ಒಂದು ಕಾಯಿ ಆರಿಸಿ, ಹತ್ತು ಸಲ ಅಲ್ಲಾಡಿಸಿ, ಸಿಪ್ಪೆ ಸುಲಿಸಿ ಚೀಲಕ್ಕೆ ಹಾಕಿಕೊಂಡಿದ್ದೆ. ಬಾಗಿಲಲ್ಲಿ ಬಣ್ಣದ ಕಾಗದದ ನಕ್ಷತ್ರ ತೂಗುತ್ತಿತ್ತು. ಜಗಲಿಯ ಮೇಲೆ ಬಿಸಿಲಿಗೆ ಇಸಾಕಣ್ಣ ಕೂತಿದ್ದ, ಇನ್ನೂ ಅರ್ಧವಾಗಿದ್ದ. ಕೆಮ್ಮುತ್ತಿದ್ದ. ನನ್ನ ಗುರುತು ಹಿಡಿದು ಎದ್ದು ನಿಲ್ಲಲು ನೋಡಿದ. ಅವನ ಮ‌ಗಳು ರೂತಮ್ಮ, ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಒಳಗಿನಿಂದ ಬಂದಳು.

"ಜೋರಾಗಿ ಮಾತಾಡ್ಬೇಕು. ಕಿವಿ ಹತ್ರ ಬಂದು ಕೂಗುದ್ರೆ ಅಷ್ಟೋ ಇಷ್ಟೋ ಕೇಳ್ತೈತೆ" ಅಂದಳು.

ನಾನು ಎಂಟು ಕಿಲೋಮೀಟರು ಬಾಯಿಪಾಠ ಮಾಡಿಕೊಂಡು ಬಂದ ಮಾತು ಮೆಲ್ಲಗೆ ಹೇಳುವಂಥದ್ದಾಗಿತ್ತು. ಎದುರಿನ ನಲ್ಲಿಯಲ್ಲಿ ಐದಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಪಕ್ಕದ ಜಗಲಿಯಲ್ಲಿ ಒಬ್ಬ ಪೇಪರು ಓದುತ್ತಿದ್ದ. ನಾನು ಅವನ ಎಡಗಿವಿಯ ಹತ್ತಿರ ಬಗ್ಗಿ, ನನಗೇ ಸರಿಯಾಗಿ ಕೇಳದ ದನಿಯಲ್ಲಿ ಹೇಳಿದೆ: "ಇಸಾಕಣ್ಣ, ಅವತ್ತು ನೀನು ಆಗಿಲ್ಲ ಅಂದೆ. ಆಯ್ತು ಅಂತ ಸುಳ್ಳು ಹೇಳಿದ್ದು ನಾನು."

"ಆಂ?" ಅಂದ ಇಸಾಕಣ್ಣ. ಮಗಳ ಕಡೆ ನೋಡಿದ. "ಏನಂತಾರೆ?"

ರೂತಮ್ಮನಿಗೆ ಕೇಳಿಸಿತ್ತು. ಅವಳ ಮುಖ ಒಂದು ಗಳಿಗೆ ಕಲ್ಲಾಯಿತು. ಆಮೇಲೆ ಬಗ್ಗಿ, ತಂದೆಯ ಕಿವಿಯಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಹಬ್ಬಕ್ಕೆ ನಿನ್ನ ನೋಡಾಕ್ ಬಂದವ್ರಂತೆ ಕಣಪ್ಪೋ! ಕಾಯಿ ತಂದವ್ರೆ!"

ಅವನ ಮುಖ ಅರಳಿತು. ಅವಳು ನನ್ನ ಕಡೆ ತಿರುಗಿ, ದನಿ ಇಳಿಸಿ ಅಂದಳು: "ಅಪ್ಪಂಗ್ಯಾಕೆ ಹೇಳ್ತೀರಿ? ಅಪ್ಪಂಗೆ ಅವತ್ತೇ ಗೊತ್ತಿತ್ತು. ಕಿವಿ ಹೋಯ್ತು ಅಂತ ನೀವು ಅಪ್ಪಂಗೇನಾರ ಹೇಳಿದ್ರಾ? ಊರಿಗೆ ತಾನೇ ಹೇಳಿದ್ದು? ಊರಿಗೇ ಹೇಳಿ."

"ಯಾಕಮ್ಮ ಅವನು ಅವತ್ತು ಒಂದು ಮಾತೂ ಆಡಲಿಲ್ಲ?"

"ನಾನೂ ಕೇಳ್ದೆ. ಹಂಗೇ ಕಾದೆ ಅಂದ. ನೀವೇ ಹೇಳ್ತೀರಿ ಅಂತ ಕಾದ್ನಂತೆ." ಆಮೇಲೆ, "ಕಾಪಿ ಕುಡೀತೀರಾ?" ಅಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ತಂದಳು. ಅವರ ಮನೆಯ ಲೋಟಗಳೆಲ್ಲ ಒಂದೇ ಸಾಲಿನಲ್ಲಿದ್ದವು.

ಅಷ್ಟರಲ್ಲಿ ಇಸಾಕಣ್ಣ ಚೀಲದಿಂದ ಕಾಯಿ ತೆಗೆದಿದ್ದ. ಕಣ್ಣು ಮುಚ್ಚಿದ. ಕುತ್ತಿಗೆ ವಾಲಿಸಿ ಎಡಗಿವಿಗೆ ಹಿಡಿದು ಅಲ್ಲಾಡಿಸಿದ. ಗುಡುಗುಡು ಎಂದು ಅದು ಎಷ್ಟು ಜೋರಾಗಿ ಉರುಳಿತೆಂದರೆ ಪಕ್ಕದ ಜಗಲಿಯವನು ಪೇಪರಿನಿಂದ ತಲೆಯೆತ್ತಿದ. ಇಸಾಕಣ್ಣ ಕಾದ. ಎರಡನೆಯ ಸಲ ಅಲ್ಲಾಡಿಸಿದ. ಕಾದ. ಆಮೇಲೆ ಕಾಯನ್ನು ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟು, ಹಳೆಯ ಮೆಲುದನಿಯಲ್ಲೇ ಹೇಳಿದ:

"ಆಗಿಲ್ಲ ಅಳಿಯಂದ್ರೇ. ಕಾಯ್ರಿ."

ರೂತಮ್ಮ ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು ಆ ಕಡೆ ತಿರುಗಿದಳು. ನಾನು ಹೂಂ ಎಂದು ತಲೆಯಾಡಿಸಿ ಕಾಯಿ ಚೀಲಕ್ಕೆ ಹಾಕಿಕೊಂಡೆ.

ಅದರ ಮುಂದಿನ ಈಸ್ಟರ್ ನೋಡುವುದಕ್ಕೆ ಅವನಿರಲಿಲ್ಲ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು ಮೂರು ದಿನವಾಗಿತ್ತು.

ಆ ಕಾಯಿ ನಮ್ಮ ಹಿತ್ತಲ ಗೂಡಿನಲ್ಲಿದೆ, ಅವನ ಲೋಟದ ಪಕ್ಕದಲ್ಲಿ. ಒಡೆದರೆ ಉಂಡೆ ಬರಬಹುದು. ಆಗ ಅವನ ಕಿವಿ ನಿಜಕ್ಕೂ ಹೋಗಿತ್ತು, ಅದನ್ನು ಕಳೆದವನು ನಾನು ಎಂದಾಗುತ್ತದೆ. ಹೋಳು ಬರಬಹುದು, ಅರ್ಧ ಅಂಟಿಕೊಂಡ ಕಾಯಿಯ ಸದ್ದಿಗೆ ನಾನು ಮತ್ತೆ ಮೋಸ ಹೋಗಿದ್ದೆ, ಕಿವುಡನಾದರೂ ಅವನೇ ಸರಿ ಎಂದಾಗುತ್ತದೆ. ಎರಡಕ್ಕೂ ಹೆದರಿ ದಿನ ತಳ್ಳಿದೆ. ಈಗ ಒಡೆದರೂ ಏನೂ ತಿಳಿಯುವುದಿಲ್ಲ. ಇಷ್ಟು ಕಾಲದ ಮೇಲೆ ಎಲ್ಲ ಕಾಯಿಯೂ ಚಿಪ್ಪು ಬಿಟ್ಟಿರುತ್ತದೆ. "ಚಟ್ನಿಗಾದ್ರೂ ಕೊಡ್ರೀ" ಎಂದು ಹೆಂಡತಿ ಕೇಳಿದಾಗಲೆಲ್ಲ ಆಗಿಲ್ಲ ಅನ್ನುತ್ತೇನೆ.

ಮಾವನಿಗೆ ಈಗ ಎಂಬತ್ತರ ಮೇಲೆ. ಮನೆಗೆ ಬರುವ ಪತ್ರಿಕೆಗಳನ್ನು ಭೂತಗನ್ನಡಿ ಹಿಡಿದು, ಜಾಹೀರಾತೂ ಬಿಡದೆ ಓದುತ್ತಾರೆ. ಪತ್ರಿಕೆಗೆ ಕಳಿಸುತ್ತಿರುವ ಇದನ್ನೂ ಓದುತ್ತಾರೆ. ಓದಿದ ದಿನ ಏನಾಗುತ್ತದೆಂದು ನಾನು ಈಗಾಗಲೇ ಹದಿನಾರು ಬಗೆಯಲ್ಲಿ ಚಿಂತೆ ಮಾಡಿದ್ದೇನೆ; ಒಂದರಲ್ಲಿ ಸೂಟ್‌ಕೇಸೂ ಇದೆ. ಇರಲಿ. ಮಾಯಸಂದ್ರ, ದಂಡಿನಶಿವರ, ತುರುವೇಕೆರೆಯ ಕಡೆ ಅಟ್ಟ ಇಟ್ಟುಕೊಂಡಿರುವ ಎಲ್ಲರಿಗೂ, ಕ್ಷೌರದಂಗಡಿಯವನಿಗೂ, ಸುಲಿಯುವ ಮೇಸ್ತ್ರಿಗೂ ಹೇಳುತ್ತಿದ್ದೇನೆ. ಆ ವರ್ಷ ಇಸಾಕಣ್ಣ ಒಂದು ಬೆಳಗೆಲ್ಲ ಕಾಯಿ ಕೇಳಿ ನೋಡಿ, ಆಗಿಲ್ಲ ಅಂದಿದ್ದ. ಹದಿನೈದು ದಿನ ಕಾಯಿರಿ ಅಂದಿದ್ದ. ಅವನ ಕಿವಿ ಸರಿಯಾಗಿಯೇ ಇತ್ತು.

ಆಯ್ತು ಅಂದವನು ನಾನು.